ಮಿಸ್ ಚುಕ್ಕಿಯ ಎರಡನೇ ಚರಣ

ವಿಚ್ಛೇದನದ ಕಾಗದದಲ್ಲಿ ಫ್ರಿಜ್ಜು ಯಾರಿಗೆ, ಸೋಫಾ ಯಾರಿಗೆ, ಬಾಲ್ಕನಿಯ ಬಿಸಿಲಿಗೆ ಬಿಳಿಚಿಕೊಂಡ ಬೆತ್ತದ ಕುರ್ಚಿಗಳು ಯಾರಿಗೆ ಎಂಬುದೆಲ್ಲ ಬರೆದಿತ್ತು. ಹಾಡುಗಳ ಮಾತು ಎಲ್ಲೂ ಇರಲಿಲ್ಲ. ಅವಳು ವಕೀಲೆಯನ್ನು ಕೇಳಿಯೂ ನೋಡಿದ್ದಳು. "ಹಾಡು ಅಂದ್ರೆ? ಮೊಬೈಲಲ್ಲಿ ಬರುತ್ತಲ್ಲ, ಅದೇನಾ?" ಎಂದು ವಕೀಲೆ ಪುಟ ತಿರುಗಿಸಿಬಿಟ್ಟಿದ್ದಳು. ಹಾಗಾಗಿ ಮನೆ ಖಾಲಿ ಮಾಡಿದ ದಿನ ಗಂಡ ಮೇಜಿನ ಮೇಲಿದ್ದ, ಹಾಡುಗಳೆಲ್ಲ ತುಂಬಿದ್ದ ಕರಿಯ ಹಾರ್ಡ್ ಡಿಸ್ಕನ್ನು ತನ್ನ ಷೇವಿಂಗ್ ಸಾಮಾನಿನ ಜೊತೆ ಚೀಲಕ್ಕೆ ತುರುಕಿಕೊಂಡು ಹೊರಟಾಗ ಅವಳು ಬಾಗಿಲಿಗೆ ಅಡ್ಡ ನಿಂತಳೇ ಹೊರತು ಬೇರೇನೂ ಮಾಡಲಾಗಲಿಲ್ಲ.

"ಕ್ಯಾಸೆಟ್ಟೆಲ್ಲ ಹುಡುಕಿ ತಂದೋನು ನಾನು," ಎಂದ ಅವನು. "ನೀನು ಹೆಸರು ಬರೆದೆ, ಅಷ್ಟೇ."

ಅವನು ಬಣ್ಣದ ಕಂಪನಿಯೊಂದರ ಮಾರಾಟಗಾರ. ಊರೂರು ತಿರುಗುವ ಕೆಲಸ. ಮುಚ್ಚಿಹೋಗುತ್ತಿದ್ದ ಅಂಗಡಿಗಳಿಂದ ಹಳೆಯ ಕ್ಯಾಸೆಟ್ಟುಗಳನ್ನು ಗೋಣಿಚೀಲದಲ್ಲಿ ತುಂಬಿ ತರುತ್ತಿದ್ದದ್ದು ನಿಜವೇ. ತಂದು ನಡುಮನೆಯಲ್ಲಿ ಸುರಿದು, ಎರಡು ದಿನ ಅದರ ಬಗ್ಗೆ ಸ್ನೇಹಿತರ ಮುಂದೆ ಹೇಳಿಕೊಂಡು, ಮೂರನೆಯ ದಿನ ಮರೆಯುತ್ತಿದ್ದ. ಆಮೇಲಿನದೆಲ್ಲ ಅವಳದು. ಬೂಷ್ಟು ಹಿಡಿದ ಟೇಪನ್ನು ಬಿಚ್ಚಿ, ತಾನು ಕೆಲಸದಲ್ಲಿ ಬಳಸುವ ಸಣ್ಣ ಕುಂಚದಿಂದ ಒರೆಸಿ, ತುಂಡಾದಲ್ಲಿ ಅಂಟಿಸಿ, ಒಂದೊಂದನ್ನೂ ಪೂರ್ತಿ ಓಡಿಸಿ ಕಂಪ್ಯೂಟರಿಗೆ ಇಳಿಸಬೇಕು. ಅಲ್ಲಿಗೂ ಮುಗಿಯದು. ಒಬ್ಬಳೇ ಗಾಯಕಿಯ ಹೆಸರು ಒಂದು ಕ್ಯಾಸೆಟ್ಟಿನಲ್ಲಿ ದೀರ್ಘ, ಇನ್ನೊಂದರಲ್ಲಿ ಹ್ರಸ್ವ. ಕಂಪ್ಯೂಟರಿನ ಪಾಲಿಗೆ ಅವರಿಬ್ಬರೂ ಬೇರೆ ಬೇರೆ ಹೆಂಗಸರು. ಒಂದೇ ಹಾಡನ್ನು ಒಬ್ಬಳೇ ಎರಡು ಸಲ ಹಾಡಿದ್ದರೆ ನಕಲುಗಳನ್ನು ಅಳಿಸುವ ಪ್ರೋಗ್ರಾಂ ಎರಡೂ ಒಂದೇ ಎಂದುಕೊಂಡು ಚೆನ್ನಾಗಿದ್ದದ್ದನ್ನೇ ನುಂಗುತ್ತಿತ್ತು. ಒಮ್ಮೆ ಕಂಪ್ಯೂಟರ್ ಬದಲಿಸಿದಾಗ ಕನ್ನಡದಲ್ಲಿ ಬರೆದ ಹೆಸರುಗಳೆಲ್ಲ ಖಾಲಿ ಚೌಕಗಳ ಸಾಲಾಗಿ ಕೂತವು. ಅವಳು ಅತ್ತಳು, ಬೈದಳು, ಮತ್ತೆ ಮೊದಲಿನಿಂದ ಬರೆದಳು. ಪ್ರತಿ ಹಾಡಿಗೂ ಕೆಳಗೆ ತನ್ನದೊಂದು ಟಿಪ್ಪಣಿ ಹಾಕುತ್ತಿದ್ದಳು: 'ಇಲ್ಲಿ ಉಸಿರು ತಪ್ಪಿದೆ. ಪಾಪ, ನೆಗಡಿಯಿರಬೇಕು.' 'ತಬಲಾದವನು ಬೇಗ ಮನೆಗೆ ಹೋಗುವ ಆತುರದಲ್ಲಿದ್ದಾನೆ.' ಒಂದೆರಡು ಕ್ಯಾಸೆಟ್ ಹಾಡಿ ಕಾಣೆಯಾದ ಹೆಂಗಸರು ಅವರೆಲ್ಲ. ಕಂಪನಿಗಳು ಮುಳುಗಿದ್ದವು, ಟೇಪುಗಳು ಪುಡಿಯಾಗಿದ್ದವು. ಅವರು ಹಾಡಿದ್ದರು ಎಂಬುದಕ್ಕೆ ಈ ಕರಿಯ ಡಬ್ಬಿಯೊಂದೇ ಸಾಕ್ಷಿ.

ಅದನ್ನು ಅವನು 'ಅಷ್ಟೇ' ಅಂದಿದ್ದ.

ಅವಳು ಚಿಕ್ಕಮ್ಮನ ಫ್ಲಾಟಿನ ಮುಂದಿನ ಕೋಣೆಗೆ ಬಂದು ಸೇರಿದಳು. ಚಿಕ್ಕಮ್ಮ ಎಂದರೆ ತಾಯಿಯ ತಂಗಿ, ನಿವೃತ್ತ ನರ್ಸ್, ಮದುವೆಯ ಗೋಜಿಗೆ ಹೋಗದವರು. ವಾರ್ಡಿನ ಉದ್ದಕ್ಕೂ ಹಾಡುತ್ತ ನಡೆದೇ ಸೂಜಿ ಚುಚ್ಚುತ್ತಿದ್ದವರು. ರೋಗಿಗಳು ಚುಚ್ಚಿದ್ದು ಯಾವಾಗ ಎಂದು ಕೇಳುತ್ತಿದ್ದರಂತೆ. ಮೊನ್ನೆಮೊನ್ನೆವರೆಗೆ 'ಅಳಿಯಂದಿರು' ಎನ್ನುತ್ತಿದ್ದವರು ಈಗ ಅವನನ್ನು 'ಮಾಜಿ' ಎಂದು ಕರೆಯತೊಡಗಿದರು. "ಅಧಿಕಾರ ಹೋದ ಮಂತ್ರಿ ಇದ್ದ ಹಾಗೆ. ಕಾರು ಹೋದ್ರೂ ಸೈರನ್ ಹೋಗಿಲ್ಲ."

ಸೈರನ್ ಹೋಗಿರಲಿಲ್ಲ ಎಂಬುದು ಕೆಲವೇ ತಿಂಗಳಲ್ಲಿ ಗೊತ್ತಾಯಿತು. ಮಾಜಿ ಇಂಟರ್ನೆಟ್ಟಿನಲ್ಲಿ 'ಧೂಳಿನೊಳಗಿನ ದನಿ' ಎಂಬ ಪುಟ ತೆರೆದಿದ್ದ. ಕುತ್ತಿಗೆಗೆ ಹೆಡ್‌ಫೋನ್ ಹಾಕಿಕೊಂಡು, ಗಲ್ಲದ ಮೇಲೆ ಕೈಯಿಟ್ಟುಕೊಂಡ ಅವನ ಫೋಟೋ. ಕೆಳಗೆ ಒಂದೊಂದಾಗಿ ಅವಳ ಹಾಡುಗಳು. ಅವಳ ಟಿಪ್ಪಣಿಗಳು. ಒಂದಕ್ಷರ ಬದಲಿಲ್ಲ. 'ಪಾಪ, ನೆಗಡಿಯಿರಬೇಕು' ಎಂಬುದರ ಕೆಳಗೆ ಯಾರೋ ಬರೆದಿದ್ದರು: 'ಸರ್, ನಿಮ್ಮ ಕಿವಿಗೆ ಶರಣು. ನಿಮ್ಮ ಮನಸ್ಸು ಎಷ್ಟು ಮೃದು!' ಅದಕ್ಕೆ ಅವನು ಕೈ ಮುಗಿದ ಚಿತ್ರ ಹಾಕಿದ್ದ.

ಅವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಸುಣ್ಣದಂಥ ಪ್ಲಾಸ್ಟರ್ ಪುಡಿ, ಕರಗಿದ ಮೇಣದ ವಾಸನೆ, ಸಾಲಾಗಿ ಕೂತ ಗುಲಾಬಿ ಒಸಡುಗಳು. ಆ ದಿನ ಅವಳು ಮೋಟರಿಗೆ ಹಿಡಿದ ಕೋರೆಹಲ್ಲನ್ನು ತೇಯುತ್ತ ತೇಯುತ್ತ ಅರ್ಧಕ್ಕೆ ಇಳಿಸಿಬಿಟ್ಟಳು. ಲ್ಯಾಬಿನ ಯಜಮಾನಿ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಇದನ್ನ ಹಾಕ್ಕೊಂಡೋರು ಹಾಲು ಮಾತ್ರ ಕುಡೀಬೇಕು ಕಣಮ್ಮ," ಎಂದು ನಿಟ್ಟುಸಿರಿಟ್ಟಳು.

ಇನ್ನೂ ಕೆಟ್ಟದ್ದು ಆಮೇಲೆ ಬಂತು. ಅವಳ ಬಳಿ ಒಂದು ಸೂಟ್‌ಕೇಸಿನಷ್ಟು ಕ್ಯಾಸೆಟ್ ಇನ್ನೂ ಉಳಿದಿತ್ತು. ಅವನ್ನು ಇಳಿಸಿ, ಹಿಂದೆ ಇಬ್ಬರೂ ಬಳಸುತ್ತಿದ್ದ ಆನ್‌ಲೈನ್ ಖಾತೆಗೆ ಹಾಕುತ್ತಿದ್ದಳು; ಹೊಸದಾಗಿ ಇಳಿಸಿದ್ದನ್ನು ಡಿಸ್ಕಿಗೆ ಸೇರಿಸುವವರೆಗೆ ಇಟ್ಟುಕೊಳ್ಳಲೆಂದು ಬಹಳ ಹಿಂದೆ ಮಾಡಿಕೊಂಡ ಏರ್ಪಾಡು ಅದು, ಡಿಸ್ಕಿನಷ್ಟು ಜಾಗ ಅದರಲ್ಲಿರಲಿಲ್ಲ. ಅವಳು ಭಾನುವಾರ ಹಾಕಿದ್ದು ವಾರದೊಳಗೆ ಅವನ ಪುಟದಲ್ಲಿ ಪ್ರತ್ಯಕ್ಷವಾಗುತ್ತಿತ್ತು. ತಡೆಯಲಾರದೆ ಫೋನ್ ಮಾಡಿದಳು.

"ಅಕೌಂಟ್ ನನ್ನ ಹೆಸರಲ್ಲಿದೆ," ಎಂದ ಅವನು ಶಾಂತವಾಗಿ. "ನನ್ನ ಗೋಡೆಗೆ ನೀನು ಬಣ್ಣ ಬಳಿದ್ರೆ ಗೋಡೆ ನಿಂದಾಗುತ್ತಾ?"

"ನನ್ನ ಹೆಸರಾದ್ರೂ ಹಾಕು."

"ಯಾರಿಗೆ ಬೇಕು ನಿನ್ನ ಹೆಸರು?" ಎಂದು ಫೋನ್ ಇಟ್ಟುಬಿಟ್ಟ.

ಚಿಕ್ಕಮ್ಮ ಬಟಾಣಿ ಬಿಡಿಸುತ್ತ ಕೂತಿದ್ದವರು ಅವಳ ಮುಖ ನೋಡಿದರು. "ಹಲ್ಲು ಮಸೀತಾ ಕೂತ್ಕೋಬೇಡ. ಲ್ಯಾಬಲ್ಲಿ ದಿನಾ ಅದೇ ಮಾಡ್ತೀಯ, ಮನೇಲೂ ಬೇಕಾ? ಬೇರೆ ಖಾತೆ ಮಾಡ್ಕೋ. ಬೀಗ ಹಾಕು, ಮುಗೀತು."

ಅವಳು ಬೇರೆ ಖಾತೆ ಮಾಡಲೆಂದೇ ಲ್ಯಾಪ್‌ಟಾಪ್ ತೆರೆದಳು. ಹಳೆಯ ಖಾತೆಯಲ್ಲಿ ತಾನು ಹಾಕಿದ ಹಾಡುಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಮುಚ್ಚಿದಳು.

"ಬೀಗ ಬೇಡ ಚಿಕ್ಕಮ್ಮ. ಬಾಗಿಲು ತೆಗೆದೇ ಇರ್ಲಿ. ಒಳಗೆ ಏನು ಇಡಬೇಕು ಅನ್ನೋದನ್ನ ಯೋಚನೆ ಮಾಡೋಣ. ನೀವೊಂದು ಹಾಡು ಹೇಳಬೇಕು."

ಹಾಡನ್ನು ಅವಳೇ ಬರೆದಳು. ರಾಗ ಚಿಕ್ಕಮ್ಮನದು. ಭಾನುವಾರ ಮಧ್ಯಾಹ್ನ ಮಲಗುವ ಕೋಣೆಯ ಕಿಟಕಿಗೆ ಹಾಸಿಗೆ ಆನಿಸಿ, ಫ್ಯಾನ್ ಆರಿಸಿ, ಹಳೆಯ ಕೀಬೋರ್ಡಿನಲ್ಲಿ ಹಾರ್ಮೋನಿಯಂ ದನಿ ಹುಡುಕಿ, ಬೆವರು ಸುರಿಸುತ್ತ ಹಾಡಿಸಿದಳು. ಸವೆದ ಟೇಪಿಗೆ ಇಳಿಸಿದಳು. ಆ ಟೇಪನ್ನು ಬೆರಳಲ್ಲಿ ಹಿಂಡಿ ಸುಕ್ಕು ಮಾಡಿ, ಇನ್ನೊಂದಕ್ಕೆ ನಕಲು ತೆಗೆದು, ವೇಗ ಒಂದು ಕೂದಲೆಳೆಯಷ್ಟು ಏರಿಸಿದಳು. ಅರವತ್ತು ದಾಟಿದ ದನಿ ಇಪ್ಪತ್ತರ ದನಿಯಾಗಿ, ಮಂಜಿನಾಚೆಯಿಂದ ಬಂದ ಹಾಗೆ ಬಂತು:

ದಾರಿ ತೋರಿದ ದೀಪವೇ, ನೀ
ಯಾರ ಮನೆಯಲಿ ಉರಿವೆ ಈಗ?

ಕೇಳಿ ಚಿಕ್ಕಮ್ಮನೇ ಕಣ್ಣೊರೆಸಿಕೊಂಡರು. "ಅಯ್ಯೋ, ಯಾರೇ ಇವಳು? ಇಷ್ಟು ಚೆನ್ನಾಗಿ ಹಾಡ್ತಾಳೆ!"

ಎರಡನೆಯ ಚರಣವನ್ನು ಅವಳು ಟೇಪಿಗೆ ಇಳಿಸಲಿಲ್ಲ. ಮೊದಲನೆಯದು ಮುಗಿಯುತ್ತಲೇ ಟೇಪು ಖಾಲಿಯಾದಂತೆ ಕತ್ತರಿಸಿದಳು. ಖಾತೆಗೆ ಹಾಕಿ ಕೆಳಗೆ ಬರೆದಳು: 'ಮಿಸ್ ಚುಕ್ಕಿ. ಎರಡನೇ ಚರಣ ಟೇಪಿನಲ್ಲಿಲ್ಲ. ಹೆಚ್ಚಿನ ವಿವರ ತಿಳಿದಿಲ್ಲ.' ಅದಕ್ಕಿಂತ ಒಂದು ಮಾತೂ ಹೆಚ್ಚು ಬರೆಯಬಾರದು ಎಂದು ತೀರ್ಮಾನಿಸಿದ್ದಳು. ಮುಂದಿನ ಸುಳ್ಳೆಲ್ಲ ಅವನದೇ ಆಗಿರಬೇಕು.

ಅವನು ನಿರಾಸೆ ಮಾಡಲಿಲ್ಲ. ಮೊದಲ ವಾರ ಹಾಡು ಬಂತು. ಜನ ಹುಚ್ಚಾಗಿ ಕೇಳಿದರು. ಯಾರೀಕೆ, ಯಾರೀಕೆ ಎಂದು ಕೇಳಿ ಕೇಳಿ ಪುಟ ತುಂಬಿತು. ಎರಡನೆಯ ವಾರ ಮಿಸ್ ಚುಕ್ಕಿಗೆ ಅಪ್ಪ ಹುಟ್ಟಿದ, ಅವನು ದರ್ಜಿ. ಮೂರನೆಯ ವಾರ ಆಕೆಗೊಂದು ಮುರಿದ ಪ್ರೇಮ ಬಂತು, ಆ ಕೊರಗಿನಲ್ಲೇ ಆಕೆ ಹಾಡು ಬಿಟ್ಟಳು. ಕೊನೆಗೆ ಮಾಜಿ ಬರೆದ: 'ಆಕೆಯ ಕೊನೆಯ ದಿನಗಳಲ್ಲಿ, ಒಂದು ಪುಟ್ಟ ಕೋಣೆಯಲ್ಲಿ, ಆ ಮಹಾನ್ ಚೇತನದ ಕೈಯನ್ನು ನನ್ನ ಕೈಯಲ್ಲಿ ಹಿಡಿಯುವ ಭಾಗ್ಯ ನನ್ನದಾಯಿತು.'

ಚಿಕ್ಕಮ್ಮ ಅದನ್ನು ಜೋರಾಗಿ ಓದಿ ತಮ್ಮ ಕೈಯನ್ನು ತಾವೇ ತಿರುವಿ ನೋಡಿಕೊಂಡರು. "ಹೋದ ವರ್ಷ ನನಗೆ ಡೆಂಗ್ಯೂ ಬಂದಾಗ ಒಂದು ಫೋನೂ ಮಾಡ್ಲಿಲ್ಲ ಈ ಗಂಡು. ಸಾಕು ಕಣೇ, ಈಗ್ಲೇ ಬರೆದುಬಿಡು, ಇದು ಸುಳ್ಳು ಅಂತ."

"ಇಲ್ಲ. ಇನ್ನೂ ಹಣ್ಣಾಗ್ಲಿ."

ಹಣ್ಣಾಯಿತು. ಊರಿನ ಸಂಗೀತ ಪ್ರೇಮಿಗಳ ಸಂಘದವರು ಮಾಜಿಯನ್ನು ಉಪನ್ಯಾಸಕ್ಕೆ ಕರೆದರು. ಹಳೆಯ ದನಿಗಳನ್ನು ಉಳಿಸಿದ್ದಕ್ಕೆ ಒಂದು ಫಲಕವನ್ನೂ ಕೊಡುವವರಿದ್ದರು. ಫರ್ನಿಚರ್ ಅಂಗಡಿಯ ಮೇಲಿನ ಸಭಾಂಗಣ, ಶನಿವಾರ ಸಂಜೆ, ಎಲ್ಲರಿಗೂ ಸ್ವಾಗತ.

ಅವಳು ಮತ್ತು ಚಿಕ್ಕಮ್ಮ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತರು. ಕೆಳಗಿನಿಂದ ಹೊಸ ಪಾಲಿಶ್ಶಿನ ವಾಸನೆ ಏರಿ ಬರುತ್ತಿತ್ತು. ಮಾಜಿ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿಯಲ್ಲಿ ಚೆನ್ನಾಗಿಯೇ ಕಂಡ. ಚೆನ್ನಾಗಿಯೇ ಮಾತಾಡಿದ. ಅವಳ ಟಿಪ್ಪಣಿಗಳನ್ನು ಒಂದೊಂದಾಗಿ, ಈಗಷ್ಟೇ ಹೊಳೆದವನ ಹಾಗೆ, ನಿಲ್ಲಿಸಿ ನಿಲ್ಲಿಸಿ ಹೇಳಿದ. ಜನ ತಲೆದೂಗಿದರು. ತಬಲಾದವನ ಆತುರದ ಮಾತಿಗೆ ನಕ್ಕರು. ಆ ನಗು ಕೇಳಿದಾಗ ಅವಳ ಕಿವಿ ಬಿಸಿಯಾಯಿತು. ಅದು ಅವಳಿಗೆ ಸಲ್ಲಬೇಕಾದ ನಗು. ಲ್ಯಾಬಿನಿಂದ ಬಂದು, ಕೈಗಂಟಿದ ಪ್ಲಾಸ್ಟರ್ ತೊಳೆಯುವ ಮೊದಲೇ ಬರೆದ ಸಾಲು ಅದು.

ಮಿಸ್ ಚುಕ್ಕಿಯ ಹಾಡು ಹಾಕಿದಾಗ ಸಭೆ ಉಸಿರು ಹಿಡಿಯಿತು. ಮುಗಿದ ಮೇಲೆ ಮುಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಔಷಧಿ ಅಂಗಡಿ ನಡೆಸಿ ಈಗ ಮಗಳಿಗೆ ವಹಿಸಿದವರು ಎಂದು ಪರಿಚಯ ಹೇಳಿಕೊಂಡು, ಅಳುಕುತ್ತ ಕೇಳಿದರು: "ಎರಡನೇ ಚರಣ ಏನಾಯ್ತು ಅಂತ ಆಕೆಯನ್ನ ನೀವು ಕೇಳ್ಲಿಲ್ವಾ?"

"ಕೇಳಿದೆ ಸರ್." ಮಾಜಿ ಕನ್ನಡಕ ತೆಗೆದು ಒರೆಸಿದ. "ನಕ್ಕರು. 'ಮರೆತುಬಿಟ್ಟೆ ಮಗನೇ, ನನ್ನ ಜೊತೇನೇ ಅದೂ ಹೋಗ್ಲಿ ಬಿಡು' ಅಂದ್ರು. ಮುಂದಿನ ವಾರ ಅವರು ಹೋಗಿಬಿಟ್ರು."

ಚಿಕ್ಕಮ್ಮ ಎದ್ದು ನಿಂತರು. ಯಾರನ್ನೂ ಕೇಳಲಿಲ್ಲ, ಕೆಮ್ಮಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ.

ಎಣ್ಣೆ ನನ್ನದು, ಬತ್ತಿ ನನ್ನದು,
ಬೆಳಕು ಮಾತ್ರ ನಿನ್ನದಾಯ್ತೇ?
ಕಣ್ಣ ಕಾಡಿಗೆ ಮಾಡಿಕೊಂಡೆ
ನೀನು ಬಿಟ್ಟ ಹೊಗೆಯನಷ್ಟೇ.

ದನಿ ಸ್ವಲ್ಪ ತಗ್ಗಿನದು, ವಯಸ್ಸಾದದ್ದು. ಆದರೆ ಅದೇ ದನಿ. ಕಿವಿ ಮಂದವಾದವರಿಗೂ ಗೊತ್ತಾಗುವಷ್ಟು ಅದೇ. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಯಾರೋ ಮೊಬೈಲ್ ಎತ್ತಿ ಹಿಡಿದರು. ಹಾಡು ಮುಗಿದ ಮೇಲೆ ಚಿಕ್ಕಮ್ಮ ವೇದಿಕೆಯ ಕಡೆ ನೋಡಿ, ವಾರ್ಡಿನಲ್ಲಿ ಮಾತ್ರೆ ನುಂಗದ ರೋಗಿಯನ್ನು ಕೇಳುವ ದನಿಯಲ್ಲಿ ಕೇಳಿದರು:

"ಮುಂದಿನ ವಾರ ನಾನು ಹೋದೆ ಅಂದ್ರಲ್ಲ, ಎಲ್ಲಿಗೆ ಹೋದೆ ಅಂತ ಹೇಳಿದ್ರೆ ನನಗೂ ಅನುಕೂಲ. ಸತ್ತ ವಿಷಯ ಮನೆಯವರು ನನಗೆ ಹೇಳೇ ಇಲ್ಲ."

ಮೊದಲು ಒಬ್ಬರು ನಕ್ಕರು. ಆಮೇಲೆ ಸಭೆಗೆ ಸಭೆಯೇ ನಕ್ಕಿತು.

ಮಾಜಿಯ ಮುಖದ ಮೇಲೆ ಬಣ್ಣಗಳು ಬಂದು ಹೋದವು. "ಚಿಕ್ಕಮ್ಮಾ..." ಎಂದವನು ಕಂಬದ ಪಕ್ಕ ಅವಳನ್ನೂ ಕಂಡ. ಬೆರಳು ಚಾಚಿದ. "ಇದು ಮೋಸ! ಇವಳು ನನ್ನ ಹೆಂಡತಿ, ಹಿಂದಿನ ಹೆಂಡತಿ. ಸೇಡು ತೀರಿಸ್ಕೊಳ್ಳೋಕೆ ಮಾಡಿರೋ ಮೋಸ ಇದು!"

ಅವಳು ಎದ್ದಳು.

"ಹೌದು, ಮೋಸವೇ. ಆ ಹಾಡು ನಾನು ಮಾಡಿದ ಮೋಸ. ಹೆಚ್ಚಿನ ವಿವರ ತಿಳಿದಿಲ್ಲ ಅಂತ ಅದರ ಕೆಳಗೆ ಬರೆದಿದ್ದೆ. ದರ್ಜಿ ಅಪ್ಪ, ಮುರಿದ ಪ್ರೇಮ, ಕೊನೇ ದಿನ ಕೈ ಹಿಡ್ಕೊಂಡಿದ್ದು, ಇದೆಲ್ಲ ಯಾರು ಮಾಡಿದ್ದು? ಉಳಿದ ಹಾಡುಗಳನ್ನ ಬೂಷ್ಟಿನಿಂದ ಬಿಡಿಸಿ, ಹೆಸರು ಹುಡುಕಿ, ಇವರು ಈಗ ಹೇಳಿದ ಪ್ರತಿಯೊಂದು ಮಾತನ್ನೂ ಬರೆದಿದ್ದು ನಾನು. ನಂಬ್ಲೇಬೇಕು ಅಂತಿಲ್ಲ. ಯಾವ ಹಾಡು ಬೇಕಾದ್ರೂ ಒಂದು ಉಸಿರಿನಷ್ಟು ಹಾಕಿ. ಯಾರದು ಅಂತ ಇಬ್ಬರೂ ಹೇಳ್ತೀವಿ."

ಸಂಘದ ಕಾರ್ಯದರ್ಶಿ ಲ್ಯಾಪ್‌ಟಾಪಿನ ಮುಂದೆ ಕೂತು ಒಂದು ಹಾಡು ಹಾಕಿ ನಿಲ್ಲಿಸಿದರು. ಅವಳು ಹೇಳಿದಳು. ಮಾಜಿ ಬಾಯಿ ತೆರೆದ, ಮುಚ್ಚಿದ. ಇನ್ನೊಂದು. ಅವಳು ಹೇಳಿದಳು. ಮೂರನೆಯದಕ್ಕೆ ಮಾಜಿ ಮೈಕಿನ ವಯರು ಎಡವಿಕೊಂಡು ವೇದಿಕೆಯಿಂದ ಇಳಿದು ಹೊರಟ. ಕಾರ್ಯದರ್ಶಿ ಸದ್ದಾಗದಂತೆ ಫಲಕವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು.

ಅಷ್ಟು ಸುಖ ಅವಳಿಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ಮೆಟ್ಟಿಲ ಬಳಿ ಔಷಧಿ ಅಂಗಡಿಯ ಹಿರಿಯರು ಕಾದು ನಿಂತಿದ್ದರು. ಅವರು ನಗುತ್ತಿರಲಿಲ್ಲ. "ನನ್ನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ," ಎಂದರು. "ಮಿಸ್ ಚುಕ್ಕಿ ಹಾಡು ಹಾಕಿದ್ರೆ ಮಾತ್ರ ಊಟ ಮಾಡ್ತಾಳೆ. ಪಾಪ, ಆಕೆಯ ಬಾಳು ಹಾಗಾಯ್ತಲ್ಲ ಅಂತ ದಿನಾ ಅಳ್ತಾಳೆ. ಈಗ ಹೋಗಿ ಏನಂತ ಹೇಳ್ಲಿ?"

ಬಲೆ ಬೀಸಿದಾಗ ಅದರಲ್ಲಿ ಇಂಥವರೂ ಸಿಕ್ಕಾರು ಎಂದು ಅವಳು ಯೋಚಿಸಿಯೇ ಇರಲಿಲ್ಲ. ಚಿಕ್ಕಮ್ಮನೇ ಮುಂದೆ ಬಂದು ಆ ಹಿರಿಯರ ತೋಳು ಹಿಡಿದರು. "ಏನೂ ಹೇಳ್ಬೇಡಿ. ಮನೆ ಎಲ್ಲಿ? ನಾಳೆ ಬರ್ತೀನಿ. ಪಕ್ಕದಲ್ಲೇ ಕೂತು ಹಾಡ್ತೀನಿ, ಊಟಾನೂ ಮಾಡಿಸ್ತೀನಿ." ಹೋದರು ಕೂಡ. ಆಮೇಲೆ ವಾರಕ್ಕೆರಡು ಸಲ ಹೋಗತೊಡಗಿದರು.

'ಧೂಳಿನೊಳಗಿನ ದನಿ' ಮರುದಿನವೇ ಮಾಯವಾಯಿತು. ಆನ್‌ಲೈನ್ ಖಾತೆ ತೆರೆದರೆ ಅದರಲ್ಲಿ ಏನೂ ಇರಲಿಲ್ಲ. ಕೆಲವು ದಿನಗಳ ಮೇಲೆ ಲ್ಯಾಬಿಗೆ ಕೊರಿಯರ್ ಬಂತು: ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕರಿಯ ಡಿಸ್ಕ್. ಮೇಣದ ತಟ್ಟೆ ಪಕ್ಕಕ್ಕೆ ಸರಿಸಿ ಅಲ್ಲೇ ಲ್ಯಾಪ್‌ಟಾಪಿಗೆ ಚುಚ್ಚಿದಳು.

ಹಾಡುಗಳೆಲ್ಲ ಇದ್ದವು. ಹೆಸರು ಒಂದೂ ಇರಲಿಲ್ಲ. ಗಾಯಕಿ, ಹಾಡು, ಕಂಪನಿ, ಅವಳ ಟಿಪ್ಪಣಿ, ಎಲ್ಲ ಅಳಿಸಿ ಪ್ರತಿಯೊಂದಕ್ಕೂ ಒಂದು ಅಂಕಿ ಕೊಟ್ಟಿದ್ದ. ಅಂಕಿಗಳೂ ಕ್ರಮದಲ್ಲಿರಲಿಲ್ಲ, ಒಂದೇ ಕ್ಯಾಸೆಟ್ಟಿನ ಹಾಡುಗಳು ಎಲ್ಲೆಲ್ಲೋ ಚದುರಿದ್ದವು. ಜೀವಮಾನದಲ್ಲಿ ಅವನು ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಇದೊಂದೇ ಇರಬೇಕು ಎನ್ನಿಸಿತು.

ಅವಳು ಅಳಲಿಲ್ಲ. ಊಟದ ಬಿಡುವಿನಲ್ಲಿ ಶುರು ಮಾಡಿದಳು. ಮೊದಲ ಹಾಡು, ಮೊದಲ ಉಸಿರು: ಗೊತ್ತಾಯಿತು, ಬರೆದಳು. ಮುಂದಿನದು: ಗೊತ್ತಾಯಿತು. ದಿನಗಳು ಹೀಗೇ ಹೋದವು. ಆದರೆ ನಡುನಡುವೆ ಒಂದು ಹಾಡು ಬಂದು ನಿಲ್ಲುತ್ತಿತ್ತು. ದನಿ ಗೊತ್ತು, ಮೂಗಿನಿಂದ ಜಾರುವ ಆ 'ನ'ಕಾರ ಗೊತ್ತು, ಹೆಸರು ಬಾರದು. ಕಣ್ಣು ಮುಚ್ಚಿ ಕ್ಯಾಸೆಟ್ಟಿನ ಮುಖಪುಟ ನೆನೆದರೂ ಬಾರದು. ಅಂಥವನ್ನು ಬೇರೆ ಕಡೆ ಎತ್ತಿಟ್ಟಳು. ಅವುಗಳ ಸಂಖ್ಯೆ ಬೆಳೆಯುತ್ತ ಹೋಯಿತು.

ಹೀಗಿರುವಾಗ ಅವನ ಫೋನ್ ಬಂತು. ದನಿಯಲ್ಲಿ ಸೈರನ್ ಇರಲಿಲ್ಲ. ಸಭೆಯಲ್ಲಿ ಯಾರೋ ತೆಗೆದ ವಿಡಿಯೋ ಎಲ್ಲೆಲ್ಲೂ ಹರಿದಾಡುತ್ತಿತ್ತಂತೆ. ಬಣ್ಣದ ಅಂಗಡಿಗಳಿಗೆ ಕಾಲಿಟ್ಟರೆ ಸಾಕು, ಗಲ್ಲಾಪೆಟ್ಟಿಗೆಯ ಹಿಂದಿನವರು 'ಎಣ್ಣೆ ನನ್ನದು, ಬತ್ತಿ ನನ್ನದು' ಎಂದು ಗುನುಗುತ್ತಾರಂತೆ. ಮೇಲಧಿಕಾರಿಯೂ ನೋಡಿದ್ದಾರಂತೆ.

"ಒಂದು ಮಾತು ಬರೆದುಕೊಡು," ಎಂದ. "ಇದು ನಾವಿಬ್ಬರೂ ಮಾತಾಡ್ಕೊಂಡು ಮಾಡಿದ ತಮಾಷೆ ಅಂತ. ಅಷ್ಟೇ ಸಾಕು. ಕ್ಯಾಸೆಟ್ ಕವರ್‌ಗಳಿರೋ ರಟ್ಟಿನ ಡಬ್ಬ ನನ್ನ ಹತ್ರ ಇದೆ. ಪೂರ್ತಿ ಇದೆ. ನಾಳೆನೇ ತಂದುಕೊಡ್ತೀನಿ. ನಿನಗೆ ಹೆಸರು ಬೇಕಲ್ವಾ?"

ಅವಳು ಆ ಡಬ್ಬ ಮನೆ ಖಾಲಿ ಮಾಡುವಾಗಲೇ ಕಸಕ್ಕೆ ಹೋಯಿತೆಂದುಕೊಂಡಿದ್ದಳು. ಕಣ್ಣೆದುರು ಆ ಕವರುಗಳು ಬಂದವು: ಮಾಸಿದ ಫೋಟೋಗಳು, ಓರೆ ಬೈತಲೆ, ಅಂಜಿದ ನಗು, ಕೆಳಗೆ ಹೆಸರು. ಹೆಸರಿಲ್ಲದೆ ಕೂತ ಆ ಹೆಂಗಸರಿಗೆಲ್ಲ ಒಂದು ಮಾತಿನಿಂದ ಹೆಸರು ಸಿಗುತ್ತಿತ್ತು. ಒಂದು ಸುಳ್ಳು ಮಾತು, ಅಷ್ಟೇ. ಸುಳ್ಳು ಅವಳಿಗೇನು ಹೊಸದೇ?

ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿತ್ತು. 'ಒಪ್ಪಿಕೋ' ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದರು.

"ಇಲ್ಲ," ಎಂದಳು ಅವಳು ಫೋನಿಗೆ.

"ಹುಚ್ಚಾ ನಿನಗೆ? ನಿನ್ನ ಹಾಡುಗಳಿಗೇ ತಾನೇ ನಷ್ಟ?"

"ಹೌದು, ನನ್ನ ಹಾಡುಗಳಿಗೇ. ಡಬ್ಬ ನೀನೇ ಇಟ್ಕೋ. ಬಿಸಾಡ್ಬೇಡ, ಸುಡ್ಬೇಡ. ದಿನಾ ನೋಡು."

ಅವನು ಇನ್ನೇನೋ ಹೇಳುತ್ತಿದ್ದ. ಅವಳು ಫೋನ್ ಆರಿಸಿದಳು. ಚಿಕ್ಕಮ್ಮ ಸೌಟು ಕೆಳಗಿಳಿಸಿದರು. ಆಮೇಲೆ, "ಹಾಡಿದ ಆ ಹುಡುಗೀರು ನಿನಗೇನು ಮಾಡಿದ್ರೇ?" ಎಂದಷ್ಟೇ ಕೇಳಿ ಒಳಗೆ ಹೋದರು.

ಆ ಪ್ರಶ್ನೆ ಕೋಣೆಯಲ್ಲೇ ನಿಂತಿತು. ಅವಳು ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನು ಅಂಗಡಿಯ ಬಾಗಿಲಲ್ಲಿ ತಡೆದು ನಿಲ್ಲುವುದನ್ನು, ಒಳಗಿನಿಂದ ಗುನುಗು ಕೇಳಿ ಕಿವಿ ಕೆಂಪಾಗುವುದನ್ನು ಇನ್ನೊಂದು ಸಲ ಕಲ್ಪಿಸಿಕೊಂಡಳು. ಸುಖವಾಯಿತು. ಆಮೇಲೆ ಬೇರೆಯಾಗಿ ಎತ್ತಿಟ್ಟಿದ್ದ ಹಾಡುಗಳಲ್ಲಿ ಒಂದನ್ನು ತೆರೆದಳು. ಯಾರೋ ಒಬ್ಬಳು, ಹೆದರಿ ಹೆದರಿ, ಮೈಕಿಗೆ ತೀರ ಹತ್ತಿರ ನಿಂತು ಹಾಡುತ್ತಿದ್ದಳು. ಅವಳು ಕೊನೆಯವರೆಗೂ ಕೇಳಿದಳು, ಮತ್ತೆ ಮೊದಲಿನಿಂದ ಹಾಕಿದಳು.